ತಾಯ್ತನ, ತಂದೆತನದ ಮಿದುಳು: ಎಲ್ಲವೂ ಆಕ್ಸಿಟೋಸಿನ್ ಮಹಿಮೆಯೇ?

ಪಾಠಪಟ್ಟಿ ಕೇಳಿದ ಪ್ರಶ್ನೆ

ಮಗುವನ್ನು ನಿರೀಕ್ಷಿಸುತ್ತಿರುವ ದಂಪತಿಗಳಿಗಾಗಿ ಒಂದೂವರೆ ಗಂಟೆಯ ಪಾಠವೊಂದನ್ನು ಸಿದ್ಧಪಡಿಸಬೇಕಿದೆ. ದತ್ತು ತೆಗೆದುಕೊಳ್ಳುವವರೂ ಅದೇ ಗುಂಪಿನಲ್ಲಿರುತ್ತಾರೆ. ಈಗಿನ ಕೈಪಿಡಿಯಲ್ಲಿ ಮಿದುಳು, ಹಾರ್ಮೋನುಗಳ ಬಗ್ಗೆ ಇರುವುದು ಇಷ್ಟೇ: “ಹೆರಿಗೆಯ ಹೊತ್ತಿಗೆ ಆಕ್ಸಿಟೋಸಿನ್ ಎಂಬ ಪ್ರೀತಿಯ ಹಾರ್ಮೋನು ಉಕ್ಕುತ್ತದೆ. ಅದರಿಂದ ಮಗುವನ್ನು ಕಂಡ ಕೂಡಲೇ ತಾಯಿಯಲ್ಲಿ ಮಮತೆ ಹುಟ್ಟುತ್ತದೆ. ತಂದೆಯಲ್ಲಿ ಇದು ನಿಧಾನ.”

ಸಿಸೇರಿಯನ್ ಆದವರು, ಎದೆಹಾಲು ಕೊಡಲಾಗದವರು, ಹೆರದೆಯೇ ತಾಯಿಯಾಗುವವರು ಇದನ್ನು ಓದಿದರೆ ತಮ್ಮಲ್ಲೇ ಏನೋ ಕೊರತೆ ಇದೆ ಎಂದುಕೊಂಡಾರು ಎಂಬ ಅಳುಕು ನನಗೆ. ಆಕ್ಸಿಟೋಸಿನ್ನಿನ ಪಾತ್ರ ನಿಜಕ್ಕೂ ಎಷ್ಟು? ಉಳಿದ ಹಾರ್ಮೋನುಗಳು ಯಾವುವು, ಯಾವಾಗ ಏರುತ್ತವೆ, ಯಾವಾಗ ಇಳಿಯುತ್ತವೆ? ತಂದೆಯ ಮಿದುಳು ಬದಲಾಗುತ್ತದೆಯೇ? ‘ಬಸುರಿಯ ಮಿದುಳು ಕುಗ್ಗುತ್ತದೆ’ ಎಂಬ ಸುದ್ದಿಯನ್ನು ಹೆದರಿಸದೆ ಹೇಳುವುದು ಹೇಗೆ? ಆಕ್ಸಿಟೋಸಿನ್ ಸ್ಪ್ರೇ ಬಗ್ಗೆಯೂ ಯಾರಾದರೂ ಕೇಳಿಯೇ ಕೇಳುತ್ತಾರೆ. ಈ ವಿಷಯದಲ್ಲಿ ಕೆಲಸ ಮಾಡುವವರು ದಯವಿಟ್ಟು ವಿವರವಾಗಿ ಬರೆಯಿರಿ.

ನರತಂತು ಅವರ ಉತ್ತರ

ಹಾರ್ಮೋನು ಮಮತೆಯನ್ನು ತಯಾರಿಸಿ ಕೊಡುವುದಿಲ್ಲ. ಮಗುವಿನ ಅಳು, ವಾಸನೆ, ಸ್ಪರ್ಶಕ್ಕೆ ಮಿದುಳು ಓಗೊಡಲು ಎಷ್ಟು ಪ್ರಚೋದನೆ ಬೇಕೋ ಆ ಮಟ್ಟವನ್ನು ತಗ್ಗಿಸುತ್ತದೆ, ಅಷ್ಟೇ. ಆಮೇಲೆ ಆ ನಡವಳಿಕೆಯನ್ನು ಉಳಿಸುವುದು, ಬೆಳೆಸುವುದು ಮಗುವಿನ ಒಡನಾಟ. ಕೈಪಿಡಿಯಲ್ಲಿ ಇದೊಂದು ಮಾತು ಸರಿಯಾಗಿ ಬಂದರೆ ನಿಮ್ಮ ಮುಕ್ಕಾಲು ಅಳುಕು ಕಳೆಯುತ್ತದೆ.

ಇದು ಹೇಗೆ ಗೊತ್ತಾಯಿತೆಂದರೆ: ಮರಿ ಹಾಕದ ಹೆಣ್ಣಿಲಿಗೆ ಬೇರೆ ಇಲಿಯ ಮರಿಗಳನ್ನು ಕೊಟ್ಟರೆ ಮೊದಲು ದೂರ ಸರಿಯುತ್ತದೆ. ಅದಕ್ಕೆ ಮರಿಯ ವಾಸನೆಯೇ ಅಸಹ್ಯ. ಆದರೆ ದಿನವೂ ಹೊಸ ಮರಿಗಳನ್ನು ಜೊತೆಗಿಟ್ಟರೆ ಸುಮಾರು 5ರಿಂದ 7 ದಿನಗಳಲ್ಲಿ ಅದೇ ಇಲಿ ಮರಿಗಳನ್ನು ಬಾಯಲ್ಲಿ ಕಚ್ಚಿ ಗೂಡಿಗೆ ತರುತ್ತದೆ, ನೆಕ್ಕುತ್ತದೆ, ಮೇಲೆ ಬಾಗಿ ಬೆಚ್ಚಗಿಡುತ್ತದೆ. ಜೇ ರೋಸೆನ್‌ಬ್ಲಾಟ್ 1967ರಲ್ಲಿ ತೋರಿಸಿದ ಹಾಗೆ ಅಂಡಾಶಯ ತೆಗೆದ ಹೆಣ್ಣಿಲಿಗಳಲ್ಲೂ ಗಂಡಿಲಿಗಳಲ್ಲೂ ಇದು ನಡೆಯುತ್ತದೆ. ಮರುವರ್ಷ ಟರ್ಕೆಲ್ ಮತ್ತು ರೋಸೆನ್‌ಬ್ಲಾಟ್ ಆಗಷ್ಟೇ ಈದ ಇಲಿಯ ರಕ್ತದ ಪ್ಲಾಸ್ಮಾವನ್ನು ಮರಿ ಹಾಕದ ಇಲಿಗೆ ಕೊಟ್ಟಾಗ ಆ ಕಾಯುವ ಅವಧಿ ಸುಮಾರು ಅರ್ಧಕ್ಕೆ ಇಳಿಯಿತು. 1972ರಲ್ಲಿ ಎರಡು ಇಲಿಗಳ ರಕ್ತವನ್ನು ನೇರವಾಗಿ ಹಂಚಿದಾಗ ಒಂದು ದಿನದೊಳಗೇ ಪೋಷಣೆ ಶುರುವಾಯಿತು. ಅಂದರೆ ಹಾರ್ಮೋನು ಇದ್ದರೆ ಬೇಗ, ಇಲ್ಲದಿದ್ದರೆ ತಡ. ಆದರೆ ಎರಡೂ ದಾರಿ ಒಂದೇ ಕಡೆ ಹೋಗಿ ಸೇರುತ್ತವೆ. ದತ್ತು ಪಡೆಯುವವರಿಗೆ ಹೇಳಬೇಕಾದ ಜೀವಶಾಸ್ತ್ರ ಇಲ್ಲೇ ಇದೆ.

ಸೇರುವ ಆ ಜಾಗಕ್ಕೆ, ಮಿದುಳಿನ ಬುಡದಲ್ಲಿರುವ ಹೈಪೊಥಾಲಮಸ್‌ನ ಮೀಡಿಯಲ್ ಪ್ರಿಆಪ್ಟಿಕ್ ಪ್ರದೇಶ ಎಂದು ಹೆಸರು. ಮೈಕೆಲ್ ನ್ಯೂಮನ್ 1974ರಲ್ಲಿ ತಾಯಿ ಇಲಿಗಳಲ್ಲಿ ಈ ಭಾಗವನ್ನು ಕೆಡಿಸಿದಾಗ ಅವು ಮರಿಗಳನ್ನು ಹೊತ್ತು ತರುವುದನ್ನೂ ಗೂಡು ಕಟ್ಟುವುದನ್ನೂ ನಿಲ್ಲಿಸಿದವು. 2014ರಲ್ಲಿ ಕ್ಯಾಥರೀನ್ ಡುಲಾಕ್ ಅವರ ತಂಡ ಈ ಪ್ರದೇಶದೊಳಗೆ ಗ್ಯಾಲನಿನ್ ಎಂಬ ಪೆಪ್ಟೈಡ್ ಇರುವ ನರಕೋಶಗಳನ್ನು ಗುರುತಿಸಿತು. ಚಿಟ್ಟಿಲಿಗಳಲ್ಲಿ ಅವನ್ನು ನಾಶಮಾಡಿದರೆ ಹೆಣ್ಣಿನಲ್ಲೂ ಗಂಡಿನಲ್ಲೂ ಪೋಷಣೆ ಕುಸಿಯುತ್ತದೆ. ಕೂಡದ ಗಂಡು ಸಾಮಾನ್ಯವಾಗಿ ಮರಿಗಳನ್ನು ಕೊಲ್ಲುತ್ತದೆ, ಆದರೆ ಅದರಲ್ಲಿ ಈ ಕೋಶಗಳನ್ನು ಬೆಳಕಿನಿಂದ ಚುರುಕುಗೊಳಿಸಿದರೆ ಕೊಲ್ಲುವುದನ್ನು ಬಿಟ್ಟು ಮರಿಯನ್ನು ನೆಕ್ಕತೊಡಗುತ್ತದೆ. ಈ ಕೋಶಗಳಲ್ಲೂ ಕೆಲಸದ ಹಂಚಿಕೆ ಇದೆ ಎಂದು 2018ರಲ್ಲಿ ಗೊತ್ತಾಯಿತು. ಒಂದು ಗುಂಪು ನಡುಮಿದುಳಿಗೆ ಹೋಗಿ ನೆಕ್ಕುವ, ನೇವರಿಸುವ ಚಲನೆಯನ್ನು ನಡೆಸುತ್ತದೆ. ಇನ್ನೊಂದು ಡೋಪಮಿನ್ (ಬಯಕೆ, ಹುರುಪು ಹುಟ್ಟಿಸುವ ರಾಸಾಯನಿಕ) ಕೇಂದ್ರಕ್ಕೆ ಹೋಗಿ ಮರಿಯ ಬಳಿ ಹೋಗಬೇಕೆಂಬ ತವಕ ಹುಟ್ಟಿಸುತ್ತದೆ. ಮತ್ತೊಂದು ಭಾವನೆ, ಅಪಾಯಗಳನ್ನು ಗ್ರಹಿಸುವ ಅಮಿಗ್ಡಲಾಕ್ಕೆ ಹೋಗಿ ಇತರ ಇಲಿಗಳತ್ತ ಗಮನ ಹರಿಯದಂತೆ ತಡೆಯುತ್ತದೆ. ಗಂಡಿನ ಮಿದುಳಿನಲ್ಲೂ ಇದೇ ಜಾಲ ಇದೆ. ‘ತಂದೆಯಲ್ಲಿ ಇದು ನಿಧಾನ’ ಎಂಬ ಸಾಲು ತಪ್ಪು ಅನ್ನಿಸುವುದು ಇದಕ್ಕೇ: ಗಂಡಿನಲ್ಲಿ ಯಂತ್ರಾಂಗಕ್ಕೆ ಕೊರತೆಯಿಲ್ಲ, ಅದನ್ನು ಎಬ್ಬಿಸುವ ಸಂದರ್ಭ ಬೇರೆ. ಕೂಡಿದ ಗಂಡಿಲಿ ಸುಮಾರು 3 ವಾರಗಳ ನಂತರ, ಅಂದರೆ ತನ್ನ ಮರಿಗಳು ಹುಟ್ಟುವ ಹೊತ್ತಿಗೆ ಸರಿಯಾಗಿ, ಕೊಲ್ಲುವುದನ್ನು ನಿಲ್ಲಿಸುತ್ತದೆ.

ಇನ್ನು ಆಕ್ಸಿಟೋಸಿನ್. ಅದಕ್ಕೆ ಪಾತ್ರವಿದೆ, ಗಟ್ಟಿಯಾದ ಪುರಾವೆಯೂ ಇದೆ. 1979ರಲ್ಲಿ ಪೆಡರ್ಸನ್ ಮತ್ತು ಪ್ರಾಂಜ್ ಮರಿ ಹಾಕದ ಇಲಿಯ ಮಿದುಳಿನ ಕುಹರಕ್ಕೇ ಅದನ್ನು ಕೊಟ್ಟಾಗ ಪೋಷಣೆ ಬೇಗ ಕಾಣಿಸಿಕೊಂಡಿತು. ಆದರೆ ಆಕ್ಸಿಟೋಸಿನ್ ಜೀನ್ ಇಲ್ಲದ ಚಿಟ್ಟಿಲಿಗಳನ್ನು 1996ರಲ್ಲಿ ಬೆಳೆಸಿ ನೋಡಿದಾಗ ಅವು ಬಸುರಾದವು, ಹೆತ್ತವು, ಮರಿಗಳನ್ನು ನೋಡಿಕೊಂಡವು. ಆಗದೆ ಹೋದದ್ದು ಒಂದೇ: ಮೊಲೆಯಿಂದ ಹಾಲು ಹೊರಬರಲಿಲ್ಲ, ಬೇರೆ ತಾಯಿಗೆ ಒಪ್ಪಿಸದಿದ್ದರೆ ಮರಿಗಳು ಒಂದು ದಿನದಲ್ಲೇ ಸತ್ತವು. ಜೋಡಿಯಾಗಿ ಬಾಳುವ ಪ್ರೇರಿ ವೋಲ್ ಎಂಬ ಇಲಿಗಳಲ್ಲಿ ಆಕ್ಸಿಟೋಸಿನ್ ಗ್ರಾಹಕವನ್ನೇ (ಹಾರ್ಮೋನು ಬಂದು ಅಂಟಿಕೊಳ್ಳುವ ಕೋಶದ ಭಾಗ) ತೆಗೆದು ಮಾಡಿದ 2023ರ ಪ್ರಯೋಗದಲ್ಲೂ ಜೋಡಿ ಬೆಸೆಯಿತು, ಪೋಷಣೆಯೂ ನಡೆಯಿತು. ಹಾಲು ಇಳಿಯಲು ಆಕ್ಸಿಟೋಸಿನ್ ಬೇಕೇ ಬೇಕು. ಮಮತೆಗೆ ಅದು ಹಲವು ನೆರವುಗಳಲ್ಲಿ ಒಂದು.

ಪಾಠದಲ್ಲಿ ಹೆಚ್ಚು ಜಾಗ ಕೊಡಬೇಕಾದದ್ದು ಈಸ್ಟ್ರೋಜನ್, ಪ್ರೊಜೆಸ್ಟೆರಾನ್ ಮತ್ತು ಹಾಲು ಉತ್ಪಾದಿಸುವ ಪ್ರೊಲ್ಯಾಕ್ಟಿನ್‌ಗಳಿಗೆ. ಬಸುರಿನ ಕಾಲದ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನ್ ಆಗಲೇ ಹೇಳಿದ ಗ್ಯಾಲನಿನ್ ಕೋಶಗಳ ಮೇಲೆ ನೇರವಾಗಿ ಕೆಲಸ ಮಾಡಿ ಅವುಗಳ ಚುರುಕನ್ನೂ ಜೋಡಣೆಯನ್ನೂ ಬದಲಿಸುತ್ತವೆ ಎಂದು 2023ರ ಚಿಟ್ಟಿಲಿ ಅಧ್ಯಯನವೊಂದು ತೋರಿಸಿತು. ಆ ಕೋಶಗಳಲ್ಲಿ ಮಾತ್ರ ಹಾರ್ಮೋನಿನ ಗ್ರಾಹಕಗಳನ್ನು ಅಳಿಸಿದರೆ ಬಸುರಿನ ಕೊನೆಯಲ್ಲಿ ಬರಬೇಕಾದ ಪೋಷಣೆಯ ಒಲವು ಬರುವುದೇ ಇಲ್ಲ. ಪ್ರಿಆಪ್ಟಿಕ್ ಪ್ರದೇಶದಲ್ಲಿ ಪ್ರೊಲ್ಯಾಕ್ಟಿನ್ ಗ್ರಾಹಕವನ್ನು ಅಳಿಸಿದ ತಾಯಂದಿರು ಹೆತ್ತ ಮರಿಗಳನ್ನೇ ತೊರೆದರು ಎಂಬುದು 2017ರ ಫಲಿತಾಂಶ. ಸಿದ್ಧತೆ ಹೆರಿಗೆಗೆ ವಾರಗಳ ಮೊದಲೇ ಶುರುವಾಗಿರುತ್ತದೆ ಎಂಬುದು ಇದರ ಸಾರ.

ಒಂದು ಎಚ್ಚರಿಕೆ. ಮೇಲಿನದೆಲ್ಲ ಇಲಿ, ಚಿಟ್ಟಿಲಿಗಳ ಮಾತು. ಮನುಷ್ಯರಲ್ಲಿ ಹೈಪೊಥಾಲಮಸ್ ಅದೇ ಜಾಗದಲ್ಲಿದೆ, ಹಾರ್ಮೋನುಗಳೂ ಅವೇ. ಆದರೆ ಮೇಲೆ ದೊಡ್ಡ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಕುಳಿತಿದೆ. ನೆನಪು, ನಿರ್ಧಾರ, ನೋಡಿ ಕಲಿತದ್ದು ಎಲ್ಲವೂ ಇಲಿಗಿಂತ ನಮ್ಮಲ್ಲಿ ಬಹಳ ಹೆಚ್ಚು ತೂಕ ಪಡೆಯುತ್ತವೆ.

ಸೂಲಗಿತ್ತಿ ಅವರ ಉತ್ತರ

ನರತಂತು ಅವರು ಬುಡವನ್ನು ಹೇಳಿದ್ದಾರೆ. ಹೆರಿಗೆ ಕೋಣೆಯಲ್ಲಿ ಮತ್ತು ಮೊದಲ ವಾರಗಳಲ್ಲಿ ಏನಾಗುತ್ತದೆ ಎಂಬುದನ್ನು ನಾನು ಸೇರಿಸುತ್ತೇನೆ.

ಈಸ್ಟ್ರೋಜನ್ ಮತ್ತು ಪ್ರೊಜೆಸ್ಟೆರಾನನ್ನು ಬಸುರಿನಲ್ಲಿ ಮುಖ್ಯವಾಗಿ ತಯಾರಿಸುವುದು ಮಾಸು. ಮಾಸು ಹೊರಬಿದ್ದ ಮೇಲೆ ಎರಡೂ 2–3 ದಿನಗಳಲ್ಲಿ ಧಡಕ್ಕನೆ ಕುಸಿಯುತ್ತವೆ. ಪ್ರೊಲ್ಯಾಕ್ಟಿನ್ ಹಾಗಲ್ಲ. ಸಾಮಾನ್ಯ ದಿನಗಳಲ್ಲಿ ಮಿಲಿಲೀಟರ್ ರಕ್ತಕ್ಕೆ 25 ನ್ಯಾನೋಗ್ರಾಂ ಒಳಗಿರುವ ಅದು ದಿನ ತುಂಬುವ ಹೊತ್ತಿಗೆ 200ರ ಆಸುಪಾಸಿಗೆ ಏರಿರುತ್ತದೆ. ಆದರೂ ಹಾಲು ತುಂಬಿ ಬರದೆ ಇರಲು ಕಾರಣ ಪ್ರೊಜೆಸ್ಟೆರಾನ್ ಅದನ್ನು ತಡೆದು ನಿಲ್ಲಿಸಿರುವುದು. ಆ ತಡೆ ಹೋದ ಮೇಲೆ, ಸಾಮಾನ್ಯವಾಗಿ 2ನೇ ಅಥವಾ 3ನೇ ದಿನ, ಹಾಲು ತುಂಬುತ್ತದೆ. ಮಾಸಿನ ತುಣುಕು ಗರ್ಭಕೋಶದಲ್ಲೇ ಉಳಿದರೆ ಪ್ರೊಜೆಸ್ಟೆರಾನ್ ಪೂರ್ತಿ ಇಳಿಯುವುದಿಲ್ಲ, ಹಾಲು ತಡವಾಗುತ್ತದೆ. ಹೆರಿಗೆಯಲ್ಲಿ ತೀವ್ರ ರಕ್ತಸ್ರಾವವಾಗಿದ್ದು, ದಿನಗಳು ಕಳೆದರೂ ಹಾಲೇ ಬರದೆ ತೀರಾ ಸುಸ್ತಿದ್ದರೆ ಪಿಟ್ಯುಟರಿ ಗ್ರಂಥಿಗೆ ಪೆಟ್ಟಾಗಿರಬಹುದು. ಇದನ್ನು ಶೀಹನ್ ಸಿಂಡ್ರೋಮ್ ಎನ್ನುತ್ತಾರೆ, ರಕ್ತಪರೀಕ್ಷೆ ಮಾಡಿಸಲೇಬೇಕು. ‘ಹಾಲು ಬರಲಿಲ್ಲ, ಹಾಗಾಗಿ ನಾನು ಒಳ್ಳೆಯ ತಾಯಿಯಲ್ಲ’ ಎಂದು ಕೊರಗುವವರಿಗೆ ಇಂಥ ದೈಹಿಕ ಕಾರಣಗಳನ್ನು ತಿಳಿಸುವುದು ಬಹಳ ಮುಖ್ಯ.

ಆಕ್ಸಿಟೋಸಿನ್ ಬಗ್ಗೆ ಜನರಲ್ಲಿರುವ ದೊಡ್ಡ ತಪ್ಪುಕಲ್ಪನೆ ಅದು ಒಂದೇ ಸಮನೆ ಏರಿ ಅಲ್ಲೇ ನಿಲ್ಲುತ್ತದೆ ಎಂಬುದು. ಅದು ಬರುವುದು ಚಿಕ್ಕ ಚಿಕ್ಕ ಅಲೆಗಳಾಗಿ. ಮಗು ಚೀಪತೊಡಗಿದ ಕೆಲವು ನಿಮಿಷಗಳಲ್ಲಿ ಅಲೆಗಳು ಶುರುವಾಗುತ್ತವೆ. ರಕ್ತದಲ್ಲಿ ಅದರ ಅರ್ಧಾಯುಷ್ಯ ಹೆಚ್ಚುಕಡಿಮೆ 3ರಿಂದ 6 ನಿಮಿಷ. ಹಾಗಾಗಿ ‘ನನ್ನ ಆಕ್ಸಿಟೋಸಿನ್ ಮಟ್ಟ ಎಷ್ಟು ಎಂದು ಪರೀಕ್ಷೆ ಮಾಡಿಸಲೇ?’ ಎಂದು ಯಾರಾದರೂ ಕೇಳಿದರೆ ಬೇಡ ಎನ್ನಿ. ಯಾವ ನಿಮಿಷದಲ್ಲಿ ರಕ್ತ ತೆಗೆದರು ಎಂಬುದರ ಮೇಲೆ ಅಂಕಿ ಬದಲಾಗುತ್ತದೆ. ಮಾದರಿಯನ್ನು ಮೊದಲು ಶುದ್ಧೀಕರಿಸದೆ ಅಳೆಯುವ ಕಿಟ್‌ಗಳು ಶುದ್ಧೀಕರಿಸಿ ಅಳೆಯುವ ವಿಧಾನಕ್ಕಿಂತ ಎಷ್ಟೋ ಪಟ್ಟು ಹೆಚ್ಚು ತೋರಿಸುತ್ತವೆ. ಅದರ ಮೇಲೆ, ರಕ್ತದಲ್ಲಿರುವ ಆಕ್ಸಿಟೋಸಿನ್ ಮಿದುಳಿನೊಳಕ್ಕೆ ದಾಟುವುದು ಅತ್ಯಲ್ಪ. ಮಿದುಳಿನಲ್ಲಿ ಕೆಲಸ ಮಾಡುವುದು ಹೈಪೊಥಾಲಮಸ್ ಅಲ್ಲೇ ಬಿಡುಗಡೆ ಮಾಡುವ ಪಾಲು. ನೋವು ಬರಿಸಲು ಡ್ರಿಪ್‌ನಲ್ಲಿ ಕೊಡುವ ಆಕ್ಸಿಟೋಸಿನ್ ಅಣುವಿನ ರಚನೆಯಲ್ಲಿ ಸ್ವಲ್ಪವೂ ಬೇರೆಯಲ್ಲ, ಆದರೆ ಅದರ ಕೆಲಸ ಗರ್ಭಕೋಶದ ಮೇಲೆ. ಡ್ರಿಪ್ ಹಾಕಿದ ಮಾತ್ರಕ್ಕೆ ಮಮತೆ ಹೆಚ್ಚುತ್ತದೆ ಎಂದೋ, ಹಾಕದಿದ್ದರೆ ಕಡಿಮೆ ಎಂದೋ ಲೆಕ್ಕ ಹಾಕಬಾರದು.

ಸ್ಪ್ರೇ: ಸಂಶೋಧನೆಗಳಲ್ಲಿ ಸಾಮಾನ್ಯವಾಗಿ 24 ಅಂತರರಾಷ್ಟ್ರೀಯ ಯೂನಿಟ್ ಮೂಗಿಗೆ ಕೊಡುತ್ತಾರೆ. ಕೆಲವು ಚಿಕ್ಕ ಅಧ್ಯಯನಗಳಲ್ಲಿ ತಂದೆಯಂದಿರು ಮಗುವಿನ ಆಟಕ್ಕೆ ಹೆಚ್ಚು ಸ್ಪಂದಿಸಿದ್ದಾರೆ. ಆದರೆ 2013ರ ಒಂದು ಪ್ರಯೋಗದಲ್ಲಿ ಬಾಣಂತನದ ಖಿನ್ನತೆಯಿದ್ದ ತಾಯಂದಿರು ಸ್ಪ್ರೇ ನಂತರ ಇನ್ನಷ್ಟು ದುಃಖಿತರಾದರು, ಮಗು ‘ಕಷ್ಟದ್ದು’ ಎಂದು ಹೆಚ್ಚಾಗಿ ಹೇಳಿದರು. ಯಾರಿಗೆ ಸಹಾಯವಾದೀತೆಂದು ಭಾವಿಸುತ್ತೇವೋ ಅವರಿಗೇ ತೊಂದರೆಯಾಗುವ ಸಾಧ್ಯತೆ ಇರುವಾಗ ತರಗತಿಯಲ್ಲಿ ಇದನ್ನು ಸೂಚಿಸಲೇಬಾರದು.

ಸಿಸೇರಿಯನ್ ಮತ್ತು ಎಪಿಡ್ಯೂರಲ್ (ಹೆರಿಗೆ ನೋವು ತಗ್ಗಿಸಲು ಬೆನ್ನಿಗೆ ಕೊಡುವ ಅರಿವಳಿಕೆ) ಬಗ್ಗೆ ಹರಡಿರುವ ಭಯದ ಮೂಲ ಕುರಿಗಳ ಅಧ್ಯಯನ. ಕುರಿಯಲ್ಲಿ ಜನನಮಾರ್ಗ ಹಿಗ್ಗುವ ಸಂಕೇತವೇ ಮಿದುಳಿನಲ್ಲಿ ಆಕ್ಸಿಟೋಸಿನ್ ಬಿಡಿಸುತ್ತದೆ. ಈದ ಮೊದಲ ಕೆಲವು ಗಂಟೆಗಳಲ್ಲೇ ಅದು ತನ್ನ ಮರಿಯ ವಾಸನೆ ಕಲಿತು ಬೇರೆ ಮರಿಯನ್ನು ಒದೆಯುತ್ತದೆ. ಬೆನ್ನುಹುರಿಯ ಅರಿವಳಿಕೆ ಕೊಟ್ಟಾಗ, ಅದರಲ್ಲೂ ಚೊಚ್ಚಲ ಈತದ ಕುರಿಗಳಲ್ಲಿ, ಈ ಕ್ರಮ ಕೆಡುತ್ತದೆ. ಮನುಷ್ಯರಲ್ಲಿ ಅಂಥ ಗಂಟೆ ಲೆಕ್ಕದ ಗಡುವು ಇಲ್ಲ. ಹಿಂಡಿನಲ್ಲಿ ಹುಟ್ಟಿದ ಕೂಡಲೇ ಎದ್ದು ಓಡುವ ಮರಿಯ ತಾಯಿಗೆ ಆ ಆತುರ ಬೇಕು. ತಿಂಗಳುಗಟ್ಟಲೆ ಮಡಿಲಲ್ಲೇ ಇರುವ ಕೂಸಿನ ತಾಯಿಗೆ ಬೇಡ.

‘ಕಂಡ ಕೂಡಲೇ ಮಮತೆ’ ಎಂಬ ಸಾಲನ್ನು ದಯವಿಟ್ಟು ತೆಗೆದುಹಾಕಿ. ರಾಬ್ಸನ್ ಮತ್ತು ಕುಮಾರ್ 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಚೊಚ್ಚಲ ತಾಯಂದಿರಲ್ಲಿ ಸುಮಾರು 40%, ಎರಡನೆಯ ಅಥವಾ ನಂತರದ ಹೆರಿಗೆಯವರಲ್ಲಿ ಸುಮಾರು 25% ಮಂದಿ ಮಗುವನ್ನು ಮೊದಲು ಎತ್ತಿಕೊಂಡಾಗ ತಮಗೇನೂ ಅನ್ನಿಸಲಿಲ್ಲ ಎಂದರು. ಅವರಲ್ಲಿ ಹೆಚ್ಚಿನವರಿಗೆ ಒಂದು ವಾರದೊಳಗೆ ಅಕ್ಕರೆ ಬಂದಿತ್ತು. ಈ ಅಂಕಿಯನ್ನು ಮೊದಲೇ ಕೇಳಿದ್ದ ಹೆಂಗಸು ಹೆರಿಗೆ ಕೋಣೆಯಲ್ಲಿ ಸುಮ್ಮನೆ ಹೆದರುವುದಿಲ್ಲ.

ಕೈಯಲ್ಲಿ ಮಾಡಬಹುದಾದದ್ದೆಂದರೆ ಮೈಗೆ ಮೈ ತಾಗಿಸಿ ಮಲಗಿಸುವುದು. ಹುಟ್ಟಿದ ಕೂಡಲೇ ಮಗುವಿನ ಮೈ ಒರೆಸಿ, ಡಯಾಪರ್ ಬಿಟ್ಟು ಬೇರೇನೂ ಇಲ್ಲದೆ ಬರಿ ಎದೆಯ ಮೇಲೆ ಕವುಚಿ ಮಲಗಿಸಿ, ಬೆನ್ನಿನ ಮೇಲೆ ಒಣಬಟ್ಟೆ ಹೊದಿಸಬೇಕು. ತಲೆ ಒಂದು ಪಕ್ಕಕ್ಕೆ ತಿರುಗಿರಲಿ, ಮೂಗು ಬಾಯಿ ಎರಡೂ ಕಾಣುತ್ತಿರಲಿ, ಗದ್ದ ಎದೆಗೆ ಒತ್ತದಿರಲಿ. ಹೊತ್ತವರು ಚಪ್ಪಟೆ ಮಲಗದೆ ಒರಗಿರಬೇಕು. ಕಡಿಮೆಯೆಂದರೂ ಒಂದು ಗಂಟೆ. ಮೊದಲ ಒಂದೆರಡು ಗಂಟೆ ಕೂಸು ಎಚ್ಚರವಾಗಿದ್ದು ಆಮೇಲೆ ಗಾಢವಾಗಿ ಮಲಗುತ್ತದೆ, ಆ ಎಚ್ಚರದ ಹೊತ್ತು ಸಿಕ್ಕರೆ ಒಳ್ಳೆಯದು. ತಪ್ಪಿದರೆ ಮರುದಿನ, ಮರುವಾರ ಮಾಡಿದರೂ ಫಲವಿದೆ. ತಾಯಿ ಶಸ್ತ್ರಕ್ರಿಯೆಯ ಕೋಣೆಯಲ್ಲಿದ್ದರೆ ತಂದೆಯ ಎದೆ ಸಾಕು. ಅಪಾಯ ಬರುವುದು ಹೊತ್ತವರಿಗೆ ನಿದ್ದೆ ಹತ್ತಿದಾಗ, ಅದರಲ್ಲೂ ಸೋಫಾದ ಮೇಲೆ. ಕಣ್ಣು ಮುಚ್ಚಿಬರುತ್ತಿದ್ದರೆ ಮಗುವನ್ನು ಅದರ ಹಾಸಿಗೆಗೆ ಸೇರಿಸಬೇಕು, ಮಾತಿಲ್ಲ.

ಇನ್ನೊಂದು ಚಿಕ್ಕ ವಿಷಯ, ಆದರೆ ಕೈಪಿಡಿಗಳಲ್ಲಿ ಕಾಣಸಿಗುವುದೇ ಇಲ್ಲ. ಕೆಲವರಿಗೆ ಹಾಲು ಇಳಿಯುವ ಅರೆಕ್ಷಣ ಮೊದಲು ಇದ್ದಕ್ಕಿದ್ದಂತೆ ಹೊಟ್ಟೆಯಲ್ಲಿ ಸಂಕಟ, ವಿಷಾದ, ಕಾರಣವಿಲ್ಲದ ಅಂಜಿಕೆ ಬಂದು ಕೆಲವೇ ನಿಮಿಷಗಳಲ್ಲಿ ಹೋಗುತ್ತದೆ. ಆಗ ಡೋಪಮಿನ್ ತಟ್ಟನೆ ತಗ್ಗುವುದೇ ಇದಕ್ಕೆ ಕಾರಣವೆಂಬ ವಿವರಣೆ ಇದೆ. ಇದು ಖಿನ್ನತೆಯಲ್ಲ, ಮಗುವಿನ ಮೇಲಿನ ಬೇಸರವೂ ಅಲ್ಲ. ಹಾಲು ಇಳಿಯುವ ಹೊತ್ತಿಗೆ ಮಾತ್ರ ಬಂದು ಹೋಗುತ್ತದೆಯೇ ಎಂದು ಒಂದೆರಡು ದಿನ ಗುರುತು ಹಾಕಿಕೊಂಡರೆ ಗೊತ್ತಾಗಿಬಿಡುತ್ತದೆ.

ಬೂದುದ್ರವ್ಯ ಅವರ ಉತ್ತರ

ಮಿದುಳು ಕುಗ್ಗುವ ಸುದ್ದಿ ಮತ್ತು ತಂದೆಯರ ಪ್ರಶ್ನೆಗೆ ನನ್ನ ಉತ್ತರ.

2017ರಲ್ಲಿ ಹೂಕ್‌ಸೀಮಾ ಮತ್ತು ಸಂಗಡಿಗರು 25 ಚೊಚ್ಚಲ ತಾಯಂದಿರ ಮಿದುಳನ್ನು ಬಸುರಿಗೆ ಮೊದಲು ಮತ್ತು ಹೆರಿಗೆಯ ನಂತರ ಎಂಆರ್‌ಐ ಮಾಡಿ ನೋಡಿದರು. ಬೂದುದ್ರವ್ಯದ (ನರಕೋಶಗಳು ದಟ್ಟವಾಗಿರುವ ಅಂಗಾಂಶ) ಗಾತ್ರ ಕಡಿಮೆಯಾಗಿತ್ತು, ಅದೂ ಎಲ್ಲೆಂದರಲ್ಲಿ ಅಲ್ಲ; ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವಾಗ ಕೆಲಸ ಮಾಡುವ ಭಾಗಗಳಲ್ಲಿ. ಬದಲಾವಣೆ ಎಷ್ಟು ಸ್ಥಿರವಾಗಿತ್ತೆಂದರೆ ಚಿತ್ರವನ್ನು ನೋಡಿ ಯಾರು ಹೆತ್ತಿದ್ದಾರೆ, ಯಾರಿಲ್ಲ ಎಂದು ಕಂಪ್ಯೂಟರ್ ಹೇಳಬಲ್ಲುದಾಗಿತ್ತು. 2 ವರ್ಷಗಳ ನಂತರವೂ ಅದರ ಬಹುಪಾಲು ಉಳಿದಿತ್ತು. ಬದಲಾವಣೆ ಹೆಚ್ಚಿದ್ದಷ್ಟೂ ಮಗುವಿನ ಮೇಲಿನ ಬಾಂಧವ್ಯದ ಅಂಕ ಹೆಚ್ಚಿತ್ತು. ನೆನಪಿನ ಪರೀಕ್ಷೆಗಳಲ್ಲಿ ಗಮನಾರ್ಹ ಇಳಿಕೆ ಕಾಣಲಿಲ್ಲ.

2024ರಲ್ಲಿ ಪ್ರಿಟ್‌ಶೆಟ್ ಮತ್ತು ಸಂಗಡಿಗರು ಒಬ್ಬಳೇ ಹೆಂಗಸನ್ನು ಗರ್ಭ ನಿಲ್ಲುವ ಮೊದಲಿನಿಂದ ಹೆರಿಗೆಯ 2 ವರ್ಷದ ನಂತರದವರೆಗೆ 26 ಸಲ ಸ್ಕ್ಯಾನ್ ಮಾಡಿದರು. ಬೂದುದ್ರವ್ಯ ವಾರವಾರಕ್ಕೂ ಹಂತಹಂತವಾಗಿ ಇಳಿಯಿತು. ಅದೇ ಹೊತ್ತಿನಲ್ಲಿ ಬಿಳಿದ್ರವ್ಯದ ನರಮಾರ್ಗಗಳ ಗುಣಮಟ್ಟ ಬಸುರಿನ ನಡುಭಾಗದವರೆಗೆ ಏರಿ, ಹೆರಿಗೆಯ ಹೊತ್ತಿಗೆ ಮೊದಲಿನ ಸ್ಥಿತಿಗೆ ಮರಳಿತು. ಒಬ್ಬಳದೇ ದಾಖಲೆಯಾದ್ದರಿಂದ ಎಲ್ಲರಿಗೂ ಹೀಗೆಯೇ ಎನ್ನಲಾಗದು. ಆದರೂ ಎರಡು ತುದಿಗಳ ಚಿತ್ರ ಮಾತ್ರ ಇದ್ದ ಕಡೆ ಇದು ನಡುವಿನ ದಾರಿಯನ್ನು ತೋರಿಸಿತು.

ಪಾಠದಲ್ಲಿ ‘ಕುಗ್ಗುವಿಕೆ’ ಎಂದು ಬರೆಯುವಾಗಲೇ ಪಕ್ಕದಲ್ಲಿ ಹದಿಹರೆಯವನ್ನು ಹೆಸರಿಸಿ. ಹದಿಹರೆಯದಲ್ಲೂ ಲೈಂಗಿಕ ಹಾರ್ಮೋನುಗಳು ಏರಿದಾಗ ಕಾರ್ಟೆಕ್ಸ್ ತೆಳುವಾಗುತ್ತದೆ. ಬಸುರಿನ ಬದಲಾವಣೆಯ ಸ್ವರೂಪ ಅದಕ್ಕೆ ಬಹಳ ಹತ್ತಿರ ಎಂದು 2019ರ ಹೋಲಿಕೆಯೊಂದು ತೋರಿಸಿದೆ. ಹದಿಹರೆಯದವರಿಗೆ ಮಿದುಳಿನ ಕಾಯಿಲೆ ಎಂದು ಯಾರೂ ಹೇಳುವುದಿಲ್ಲ. ಎಂಆರ್‌ಐ ನರಕೋಶಗಳನ್ನು ಎಣಿಸುವುದಿಲ್ಲ ಎಂಬುದನ್ನೂ ಸೇರಿಸಿ: ಗಾತ್ರ ಇಳಿದದ್ದು ಕೋಶ ಸತ್ತದ್ದಕ್ಕೆ ಸಾಕ್ಷಿಯಲ್ಲ. ಬಸುರಿಯರು ಹೇಳುವ ಮರೆವಿನಲ್ಲಿ ನಿದ್ದೆಗೇಡಿನ ಪಾಲು ದೊಡ್ಡದು.

ಈಗ ಅಪ್ಪಂದಿರು. ಫಿಲಿಪೈನ್ಸ್‌ನ ಸೆಬು ನಗರದಲ್ಲಿ 624 ಯುವಕರನ್ನು ನಾಲ್ಕೂವರೆ ವರ್ಷ ಹಿಂಬಾಲಿಸಿದ ಗೆಟ್ಲರ್ ಅವರ 2011ರ ಅಧ್ಯಯನ ಈ ವಿಷಯದಲ್ಲಿ ನನಗೆ ಅತ್ಯಂತ ಉಪಯುಕ್ತ ಅನ್ನಿಸುತ್ತದೆ, ಏಕೆಂದರೆ ಒಬ್ಬೊಬ್ಬರನ್ನೂ ಮೊದಲು ಮತ್ತು ನಂತರ ಅಳೆದಿದ್ದಾರೆ. ಆರಂಭದಲ್ಲಿ ಟೆಸ್ಟೊಸ್ಟೆರಾನ್ ಹೆಚ್ಚಿದ್ದವರೇ ಮುಂದೆ ಸಂಗಾತಿ ಪಡೆದು ತಂದೆಯರಾಗುವ ಸಂಭವ ಹೆಚ್ಚಿತ್ತು. ತಂದೆಯಾದ ಮೇಲೆ ಅವರಲ್ಲೇ ಇಳಿಕೆ ಕಂಡಿತು, ಇಳಿಕೆಯ ಮಧ್ಯಾಂಕ (ಅರ್ಧದಷ್ಟು ಜನರಲ್ಲಿ ಇದಕ್ಕಿಂತ ಹೆಚ್ಚು, ಉಳಿದವರಲ್ಲಿ ಕಡಿಮೆ) ಬೆಳಗಿನ ಮಾದರಿಯಲ್ಲಿ 26%, ಸಂಜೆಯದರಲ್ಲಿ 34%. ದಿನಕ್ಕೆ 3 ಗಂಟೆ ಅಥವಾ ಹೆಚ್ಚು ಮಗುವನ್ನು ನೋಡಿಕೊಳ್ಳುತ್ತಿದ್ದವರಲ್ಲಿ ಮಟ್ಟ, ನೋಡಿಕೊಳ್ಳದ ತಂದೆಯರಿಗಿಂತ ಕಡಿಮೆ. ಹಾಗಾಗಿ ‘ಗಂಡಸುತನ ಕಡಿಮೆ ಇದ್ದವನೇ ಮಗು ಎತ್ತಿಕೊಳ್ಳುತ್ತಾನೆ’ ಎಂಬ ಮಾತಿಗೆ ಆಧಾರವಿಲ್ಲ. ಈ ಇಳಿಕೆ ರೋಗವಲ್ಲ, ಟೆಸ್ಟೊಸ್ಟೆರಾನ್ ಔಷಧ ತೆಗೆದುಕೊಳ್ಳುವ ಕಾರಣವೂ ಅಲ್ಲ. ಹೊರಗಿನಿಂದ ತೆಗೆದುಕೊಂಡರೆ ವೀರ್ಯಾಣು ಉತ್ಪಾದನೆ ಕುಸಿಯುತ್ತದೆ. ಎರಡನೆಯ ಮಗು ಬೇಕೆನ್ನುವವರಿಗೆ ಇದನ್ನು ಹೇಳಲೇಬೇಕು.

ಮಿದುಳಿನ ಕಡೆಯಿಂದ ನೋಡಿದರೆ, 2014ರಲ್ಲಿ ಅಬ್ರಹಾಂ ಮತ್ತು ರೂತ್ ಫೆಲ್ಡ್‌ಮನ್ ಅವರ ತಂಡ ಮೊದಲ ಮಗುವಿನ 89 ಹೆತ್ತವರಿಗೆ ತಮ್ಮದೇ ಮಗುವಿನ ವಿಡಿಯೊ ತೋರಿಸುತ್ತ ಸ್ಕ್ಯಾನ್ ಮಾಡಿತು. ಮೂರು ಗುಂಪು: ಮುಖ್ಯವಾಗಿ ಪಾಲನೆ ಮಾಡುವ ತಾಯಂದಿರು, ಅವರಿಗೆ ನೆರವಾಗುವ ತಂದೆಯರು, ಮನೆಯಲ್ಲಿ ತಾಯಿಯೇ ಇಲ್ಲದೆ ತಾವೇ ಸಾಕುತ್ತಿರುವ ಸಲಿಂಗಿ ತಂದೆಯರು. ತಾಯಂದಿರಲ್ಲಿ ಅಮಿಗ್ಡಲಾ ಜೋರಾಗಿ ಮಿಡಿಯಿತು. ನೆರವಾಗುವ ತಂದೆಯರಲ್ಲಿ ಹೆಚ್ಚು ಚುರುಕಾದದ್ದು ಕಿವಿಯ ಮೇಲ್ಭಾಗದ ಒಳಗಿರುವ ಸುಪೀರಿಯರ್ ಟೆಂಪೊರಲ್ ಸಲ್ಕಸ್, ಅಂದರೆ ಮುಖಭಾವ, ಚಲನೆ ಓದುವ ಭಾಗ. ತಾವೇ ಸಾಕುವ ತಂದೆಯರಲ್ಲಿ ಎರಡೂ. ಅಷ್ಟೇ ಅಲ್ಲ, ಆ ಎರಡು ಭಾಗಗಳ ನಡುವಿನ ನಂಟು ತಂದೆಯರು ಮಗುವಿನೊಂದಿಗೆ ಕಳೆದ ಸಮಯಕ್ಕೆ ಅನುಗುಣವಾಗಿ ಬಲವಾಗಿತ್ತು. ಹೆರಿಗೆಯಾಗಲಿ ಎದೆಹಾಲಾಗಲಿ ಇಲ್ಲದ ದೇಹದಲ್ಲಿ ಇದು ಕಂಡದ್ದು. ಒಂದು ಮಿತಿಯಿದೆ: ಇದು ಒಂದೇ ಹೊತ್ತಿನ ಚಿತ್ರ, ಸಮಯ ಕೊಟ್ಟದ್ದರಿಂದ ನಂಟು ಬಲವಾಯಿತೋ ನಂಟು ಬಲವಾಗಿದ್ದವರು ಹೆಚ್ಚು ಸಮಯ ಕೊಟ್ಟರೋ ಎಂದು ಇದೊಂದರಿಂದಲೇ ತೀರ್ಮಾನಿಸಲಾಗದು. ಇಲಿಯ ಪ್ರಯೋಗಗಳ ಜೊತೆ ಇಟ್ಟು ಓದಿದಾಗ ಮೊದಲನೆಯದಕ್ಕೇ ಹೆಚ್ಚು ಬಲ.

ಆದ್ದರಿಂದ ತಂದೆಯರಿಗೆ ‘ಸಹಾಯ ಮಾಡಿ’ ಎಂದಷ್ಟೇ ಹೇಳಿ ಬಿಡಬೇಡಿ, ಒಂದಿಡೀ ಕೆಲಸವನ್ನು ಅವರ ಪಾಲಿಗೆ ಬಿಟ್ಟುಕೊಡಿ. ಸ್ನಾನ ಅಥವಾ ರಾತ್ರಿಯ ಮೊದಲ ಪಾಳಿ ಯಾವುದಾದರೂ ಸರಿ, ಹಸಿವಿನ ಅಳು ಯಾವುದು, ನಿದ್ದೆಯದು ಯಾವುದು ಎಂದು ಅವರೇ ಊಹಿಸಿ, ತಪ್ಪಿ, ತಿದ್ದಿಕೊಳ್ಳುವಂತಿರಬೇಕು. ಬೇರೆಯವರು ಹೇಳಿದಂತೆ ಸೀಸೆ ತಂದುಕೊಡುವ ಕೆಲಸದಲ್ಲಿ ಆ ಕಲಿಕೆ ಆಗುವುದಿಲ್ಲ.

ಪಾಠಪಟ್ಟಿ

ಮೂವರಿಗೂ ಧನ್ಯವಾದಗಳು. ಹಳೆಯ ಪ್ಯಾರಾ ಪೂರ್ತಿ ಹೋಯಿತು. ಇನ್ನೊಂದು ಸಂದೇಹ: ಹಾರ್ಮೋನು ಕುಸಿದ ಮೇಲೆ ಬರುವ ಅಳು, ಆತಂಕಗಳಲ್ಲಿ ಯಾವುದಕ್ಕೆ ಸುಮ್ಮನಿರಬಹುದು, ಯಾವುದಕ್ಕೆ ವೈದ್ಯರ ಬಳಿ ಹೋಗಬೇಕು ಎಂಬ ಗೆರೆಯನ್ನು ಎಲ್ಲಿ ಎಳೆಯಲಿ? ‘ಮಗುವಿಗೆ ನಾನೇ ಏನಾದರೂ ಮಾಡಿಬಿಟ್ಟರೆ’ ಎಂಬ ಯೋಚನೆ ಬರುವವರ ಬಗ್ಗೆಯೂ ತಿಳಿಸಿ.

ನಿದ್ದೆಗಣ್ಣು ಅವರ ಉತ್ತರ

ದಿನಗಳ ಲೆಕ್ಕ ಇಟ್ಟುಕೊಂಡರೆ ಗೆರೆ ಸಾಕಷ್ಟು ಸ್ಪಷ್ಟ. ಹೆರಿಗೆಯ 3ರಿಂದ 5ನೇ ದಿನದ ಸುಮಾರಿಗೆ ಕಾರಣವಿಲ್ಲದೆ ಅಳು, ಸಿಡುಕು ಬಂದು 2 ವಾರದೊಳಗೆ ತಾನಾಗಿ ಇಳಿದರೆ ಅದು ಹಾರ್ಮೋನು ಕುಸಿತದ ಜೊತೆಗೆ ಬರುವ ಸಾಮಾನ್ಯ ಸ್ಥಿತಿ, ಬಹುಪಾಲು ಬಾಣಂತಿಯರಿಗೆ ಆಗುತ್ತದೆ. 2 ವಾರ ದಾಟಿಯೂ ಉಳಿದರೆ, ಅಥವಾ ಮಗು ಮಲಗಿದಾಗಲೂ ನಿದ್ದೆ ಬಾರದೆ, ಯಾವುದರಲ್ಲೂ ಸೊಗಸು ಕಾಣದೆ ಹೋದರೆ ಖಿನ್ನತೆಯ ಪರೀಕ್ಷೆ ಬೇಕು. ಹೆತ್ತವರಲ್ಲಿ 10–15% ಮಂದಿಗೆ ಇದು ಬರುತ್ತದೆ. 1987ರಿಂದ ಬಳಕೆಯಲ್ಲಿರುವ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳು, ಒಟ್ಟು 30 ಅಂಕ. 10 ದಾಟಿದರೆ ಮತ್ತೆ ನೋಡಬೇಕು, 13 ಮತ್ತು ಮೇಲಾದರೆ ವೈದ್ಯರ ಭೇಟಿ ಮುಂದೂಡಬಾರದು. ಹತ್ತನೆಯ ಪ್ರಶ್ನೆ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯದು. ಅದರಲ್ಲಿ ಸೊನ್ನೆ ಬಿಟ್ಟು ಏನೇ ಬಂದರೂ ಒಟ್ಟು ಅಂಕ ನೋಡದೆ ಅದೇ ದಿನ ಮಾತನಾಡಬೇಕು.

ಮಾತ್ರೆ ಶುರುಮಾಡುವ ಮೊದಲು ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ನೋಡಿಸುವುದು ಒಳ್ಳೆಯದು. ಹೆರಿಗೆಯ ನಂತರದ ಥೈರಾಯ್ಡ್ ಉರಿಯೂತ ಮೊದಲ ತಿಂಗಳುಗಳಲ್ಲಿ ಎದೆಬಡಿತ, ಚಡಪಡಿಕೆಯಾಗಿ ಕಾಣಿಸಿ ಆಮೇಲೆ ಸುಸ್ತು, ಮಂಕುತನವಾಗಿ ತಿರುಗುತ್ತದೆ. ಅದನ್ನು ಖಿನ್ನತೆ ಎಂದುಕೊಂಡು ತಿಂಗಳುಗಟ್ಟಲೆ ಕಳೆಯುವುದುಂಟು.

ಹಾರ್ಮೋನಿನ ನಂಟು ಇಲ್ಲಿ ನೇರವಾಗಿದೆ. ಪ್ರೊಜೆಸ್ಟೆರಾನಿನಿಂದ ದೇಹ ಅಲೊಪ್ರೆಗ್ನನೊಲೋನ್ ಎಂಬ ವಸ್ತುವನ್ನು ಮಾಡುತ್ತದೆ; ಅದು ಮಿದುಳಿನ ಗಾಬಾ (ನರಕೋಶಗಳ ಚಟುವಟಿಕೆ ತಗ್ಗಿಸುವ ರಾಸಾಯನಿಕ) ಗ್ರಾಹಕಗಳ ಮೂಲಕ ಮನಸ್ಸನ್ನು ಶಾಂತವಾಗಿಡುತ್ತದೆ. ಮಾಸು ಹೋದಾಗ ಇದೂ ಕುಸಿಯುತ್ತದೆ. ಎಲ್ಲರಲ್ಲೂ ಕುಸಿದರೂ ಕೆಲವರ ಮಿದುಳು ಮಾತ್ರ ಆ ಕುಸಿತಕ್ಕೆ ಹೊಂದಿಕೊಳ್ಳಲಾಗದೆ ಒದ್ದಾಡುತ್ತದೆ. ಇದೇ ವಸ್ತುವನ್ನು 60 ಗಂಟೆ ಡ್ರಿಪ್‌ನಲ್ಲಿ ಕೊಡುತ್ತಿದ್ದ ಬ್ರೆಕ್ಸನೊಲೋನ್‌ಗೆ ಅಮೆರಿಕದಲ್ಲಿ 2019ರಲ್ಲಿ, ಅದೇ ಬಗೆಯ ಮಾತ್ರೆ ಜುರಾನೊಲೋನ್‌ಗೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಮಾತ್ರೆಯನ್ನು 14 ದಿನ ಸಂಜೆ ಹೊತ್ತು ಕೊಡುತ್ತಾರೆ; ತೂಕಡಿಕೆ ಜೋರಾಗಿರುವುದರಿಂದ ಪ್ರತಿ ಮಾತ್ರೆಯ ನಂತರ 12 ಗಂಟೆ ವಾಹನ ಓಡಿಸಬಾರದು, ಆ ರಾತ್ರಿಗಳಲ್ಲಿ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಬೇಕಾಗುತ್ತದೆ. ಹೆಚ್ಚಿನವರಿಗೆ ಈಗಲೂ ಸಾಕಾಗುವುದು ಮಾತಿನ ಚಿಕಿತ್ಸೆ ಮತ್ತು ಸರ್ಟ್ರಲಿನ್‌ನಂತಹ ಹಳೆಯ ಮಾತ್ರೆ. ಸರ್ಟ್ರಲಿನ್ ಎದೆಹಾಲಿಗೆ ಹೋಗುವ ಪ್ರಮಾಣ ಬಹಳ ಕಡಿಮೆ.

ಮಗುವಿಗೆ ಹಾನಿಯಾದೀತೆಂಬ ಯೋಚನೆಗಳು: ಕೈತಪ್ಪಿ ಬಿದ್ದರೆ, ಉಸಿರು ನಿಂತರೆ ಎಂಬ ಚಿತ್ರ ಹೊಸ ತಾಯಂದಿರಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಬರುತ್ತದೆ. ಬೇಕೆಂದೇ ಹಾನಿ ಮಾಡುವ ಬೇಡದ ಚಿತ್ರ ಸುಮಾರು ಅರ್ಧದಷ್ಟು ಮಂದಿಗೆ ಬಂದದ್ದನ್ನು ಅಧ್ಯಯನಗಳು ದಾಖಲಿಸಿವೆ. ಮಗುವಿನ ಸುತ್ತ ಅಪಾಯ ಹುಡುಕುವ ಜಾಲ ಅತಿ ಎಚ್ಚರವಾಗಿರುವುದರ ಪರಿಣಾಮ ಇದು. ಯೋಚನೆ ಬಂದಾಗ ಗಾಬರಿಯಾಗಿ ಹಿಂದೆ ಸರಿಯುತ್ತಾರೆ, ಚಾಕು ಮುಚ್ಚಿಡುತ್ತಾರೆ, ಹತ್ತು ಸಲ ಉಸಿರು ನೋಡುತ್ತಾರೆ ಎಂದರೆ ಆ ಯೋಚನೆ ಅವರಿಗೆ ಒಪ್ಪಿಗೆಯಿಲ್ಲ ಎಂದರ್ಥ. ಹಾನಿ ಮಾಡುವ ಸಂಭವ ತೀರಾ ಕಡಿಮೆ. ದಿನದ ಬಹುಪಾಲು ಅದರಲ್ಲೇ ಹೋಗುತ್ತಿದ್ದರೆ, ಅಥವಾ ಹೆದರಿ ಮಗುವನ್ನು ಮುಟ್ಟುವುದನ್ನೇ ಬಿಟ್ಟಿದ್ದರೆ ಗೀಳಿನ ಚಿಕಿತ್ಸೆ ಬೇಕು, ಅದು ಫಲ ಕೊಡುತ್ತದೆ.

ಇದಕ್ಕೆ ಪೂರ್ತಿ ಬೇರೆಯಾದದ್ದು ಬಾಣಂತಿ ಸನ್ನಿ. 1000 ಹೆರಿಗೆಗೆ 1–2, ಬಹುತೇಕ ಮೊದಲ 2 ವಾರಗಳಲ್ಲಿ. ನಿದ್ದೆಯೇ ಬೇಡವೆನಿಸುವುದು, ಮಾತು ಹಳಿತಪ್ಪುವುದು, ಕ್ಷಣಕ್ಕೊಂದು ಗೊಂದಲ, ಮಗುವಿನಲ್ಲಿ ಏನೋ ದೈವ ಅಥವಾ ಕೇಡು ಹೊಕ್ಕಿದೆ ಎಂಬ ದೃಢ ನಂಬಿಕೆ. ಇಲ್ಲಿ ಯೋಚನೆ ಅವರಿಗೆ ಹೆದರಿಕೆ ಹುಟ್ಟಿಸುವುದಿಲ್ಲ, ನಿಜವೆನಿಸುತ್ತದೆ. ಕಾಯಬಾರದು, ಒಂಟಿ ಬಿಡಬಾರದು, ಆಗಲೇ ಆಸ್ಪತ್ರೆ. ಬೈಪೋಲಾರ್ ಇತಿಹಾಸ ಇರುವವರಲ್ಲಿ ಸಂಭವ ಬಹಳ ಹೆಚ್ಚಾದ್ದರಿಂದ ಯೋಜನೆ ಹೆರಿಗೆಗೆ ಮೊದಲೇ ಆಗಬೇಕು. ಹಾಲು ನಿಲ್ಲಿಸಲು ಕೊಡುವ ಕ್ಯಾಬರ್ಗೊಲಿನ್, ಬ್ರೊಮೊಕ್ರಿಪ್ಟಿನ್ ಮಾತ್ರೆಗಳು ಡೋಪಮಿನ್ನಿನಂತೆ ವರ್ತಿಸುತ್ತವೆ. ಸನ್ನಿಯ ಇತಿಹಾಸವಿದ್ದರೆ ಅವನ್ನು ಬರೆಯುವ ವೈದ್ಯರಿಗೆ ಮೊದಲೇ ತಿಳಿಸಬೇಕು.

ನಿದ್ದೆಯನ್ನು ಚಿಕಿತ್ಸೆಯ ಭಾಗವೆಂದೇ ಎಣಿಸಿ. ತುಂಡು ತುಂಡಾಗಿ 7 ಗಂಟೆಗಿಂತ ಒಂದೇ ಸಲಕ್ಕೆ 4–5 ಗಂಟೆ ಸಿಗುವುದು ಮೇಲು. ರಾತ್ರಿಯನ್ನು ಎರಡು ಪಾಳಿ ಮಾಡಿ, ಪಾಳಿ ಇಲ್ಲದವರು ಬೇರೆ ಕೋಣೆಯಲ್ಲಿ ಮಲಗಲಿ. ಮೊಲೆಯೂಡಿಸುವವರು ಮಲಗುವ ಮೊದಲು ಹಾಲು ಕುಡಿಸಿಯೋ ಹಿಂಡಿಟ್ಟೋ ಮಲಗಬಹುದು. ಮೊದಲ ಕೆಲವು ವಾರ ಇದಕ್ಕಿಂತ ದೀರ್ಘ ಬಿಡುವು ಬಿಟ್ಟರೆ ಎದೆ ಕಟ್ಟಿಕೊಳ್ಳುತ್ತದೆ, ಪ್ರೊಲ್ಯಾಕ್ಟಿನ್ ಪ್ರಚೋದನೆ ತಗ್ಗಿ ಹಾಲೂ ಕಡಿಮೆಯಾಗುತ್ತದೆ.

ತಂದೆಯರನ್ನು ಮರೆಯಬೇಡಿ. ಸುಮಾರು 10% ತಂದೆಯರಿಗೆ ಖಿನ್ನತೆ ಬರುತ್ತದೆ, ಹೆಚ್ಚಾಗಿ 3ರಿಂದ 6 ತಿಂಗಳ ನಡುವೆ. ಅಳುವಿಗಿಂತ ಸಿಡುಕು, ಕೆಲಸದಲ್ಲಿ ಮುಳುಗುವುದು, ಕುಡಿತವಾಗಿ ಹೊರಬರಬಹುದು. ಅದೇ ಎಡಿನ್‌ಬರೋ ಪ್ರಶ್ನಾವಳಿ ಅವರಿಗೂ ಸಲ್ಲುತ್ತದೆ, ಆದರೆ ಗಡಿ ಅಂಕವನ್ನು ತಾಯಂದಿರಿಗಿಂತ 2ರಷ್ಟು ಕೆಳಗೆ ಇಡಬೇಕೆಂಬ ಸಲಹೆ ಇದೆ. ಹೊಸ ಅಪ್ಪಂದಿರು ಅಳುವಿನ ಪ್ರಶ್ನೆಗೆ ‘ಇಲ್ಲ’ ಎಂದೇ ಗುರುತು ಹಾಕುವುದು ಹೆಚ್ಚು.

ಸೂಲಗಿತ್ತಿ

ನಿದ್ದೆಗಣ್ಣು ಅವರು ಹೇಳಿದ ಪ್ರಶ್ನಾವಳಿಯನ್ನು ತರಗತಿಯಲ್ಲೇ ಎರಡು ಪ್ರತಿ ಹಂಚಿಬಿಡಿ, ಇಬ್ಬರಿಗೂ ಒಂದೊಂದು. ತುಂಬಬೇಕಾದ ದಿನಾಂಕವನ್ನು ಆಗಲೇ ಮೇಲೆ ಬರೆಸಿ: ಹೆರಿಗೆಯ ಅಥವಾ ಮಗು ಮನೆಗೆ ಬಂದ 6ನೇ ವಾರ ಒಂದು ಸಲ, 4ನೇ ತಿಂಗಳು ಇನ್ನೊಂದು ಸಲ. ಒಬ್ಬರ ಹಾಳೆಯನ್ನು ಇನ್ನೊಬ್ಬರು ತುಂಬಬಾರದು. ಎದೆಯ ಮೇಲೆ ಮಲಗಿಸುವುದನ್ನು ಮಾತಿನಲ್ಲಿ ಹೇಳಿ ಬಿಡದೆ 3 ಕಿಲೋ ತೂಕದ ಗೊಂಬೆ ಕೊಟ್ಟು ಎಲ್ಲರಿಂದಲೂ ಮಾಡಿಸಿ. ಬರಿ ಬಟ್ಟೆಯ ಹಗುರ ಗೊಂಬೆಯಾದರೆ ಕುತ್ತಿಗೆ ಬಾಗುವುದು ಯಾರ ಕಣ್ಣಿಗೂ ಬೀಳುವುದಿಲ್ಲ.